ತೂಬಿನ ಹತ್ತಿರ ಪಂಪು ತೊಳೆಯುವವನಿಗೆ ಏನು ಹೇಳೋದು?

ಕಾಲುವೆ ಕೊನೆಯವ
ನಮ್ಮೂರು ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ನೀರು ಬಿಟ್ಟಾಗ ಊರ ಕೆರೆ ತುಂಬಿಸಿಕೊಳ್ಳುತ್ತೇವೆ, ಬೇಸಿಗೆಯೆಲ್ಲ ಅದೇ ಕುಡಿಯುವ ನೀರು. ಮೊನ್ನೆ ಸಂಜೆ ತೂಬಿನ ಪಕ್ಕ ಒಬ್ಬ ಹುಡುಗ ಗದ್ದೆಗೆ ಎಣ್ಣೆ (ಹುಳದ ಔಷಧಿ) ಹೊಡೆದು ಬಂದ ಪಂಪನ್ನು ಕಾಲುವೆಯಲ್ಲೇ ಅದ್ದಿ, ಕುಲುಕಿ ತೊಳೆಯುತ್ತಿದ್ದ. ಹಾಲಿನಂಥ ಬಿಳಿ ನೀರು ಒಂದೆರಡು ಮಾರು ಹೋಗಿ ಕರಗಿತು. ಕೇಳಿದ್ದಕ್ಕೆ "ಹರಿಯೋ ನೀರಲ್ವಾ ಅಣ್ಣ, ಹೋಗ್ತದೆ" ಅಂದ. ಎಲ್ಲಿಗೆ ಹೋಗ್ತದೆ? ನಮ್ಮ ಕೆರೆಗೇ. ಪಂಚಾಯ್ತಿಯಲ್ಲಿ ಹೇಳಿದರೆ ಗೋಡೆ ಮೇಲೆ 'ನೀರು ಉಳಿಸಿ' ಅಂತ ಬರೆಸಿದರು. ಈಗ ಆ ಗೋಡೆಯ ಬುಡದಲ್ಲೇ ಖಾಲಿ ಡಬ್ಬಿ ಬಿದ್ದಿವೆ. ಜನಕ್ಕೆ ಇದನ್ನು ತಿಳಿಸೋದು ಹೇಗೆ, ಯಾರಾದರೂ ಮಾಡಿ ನೋಡಿದ್ದರೆ ಹೇಳಿ.

ಸಿಲ್ಕ್‌ಬೋರ್ಡ್ ಸಿಗ್ನಲ್
ತಿಳಿಸೋದೇನು, ಎಲ್ಲಾ ಬ್ಯಾನ್ ಮಾಡಬೇಕು ಅಷ್ಟೇ. ವಿಷ ಹಾಕದೆ ನಮ್ಮ ತಾತ ಬೆಳೆಯಲಿಲ್ವಾ?

ಗೊಬ್ಬರದಂಗಡಿ
ಬೆಳೆದರು ಸರ್. ಆದರೆ ಸೋನಾ ಮಸೂರಿ ಬೆಳ್ಳಗಿರಬೇಕು, ಒಂದು ನುಚ್ಚೂ ಇರಬಾರದು, ರೇಟೂ ಏರಬಾರದು ಅನ್ನೋದು ನಿಮ್ಮೂರಿನವರೇ. ಬ್ಯಾನ್ ಆಗೋದೇ ಇಲ್ಲ ಅಂತೇನಿಲ್ಲ. ಫೋರೇಟ್, ಟ್ರೈಅಜೋಫಾಸ್ ಅನ್ನೋ ಕೀಟನಾಶಕ ಎಲ್ಲಾ 2020ರ ಡಿಸೆಂಬರ್ 31ಕ್ಕೆ ನಿಂತವು. ಒಂದು ನಿಂತರೆ ರೈತ ಬಂದು ಕೇಳೋದು ಒಂದೇ ಮಾತು: "ಅದರ ಬದಲು ಯಾವುದು ಬಂದದೆ?"

ಪೆರ್ಲದ ಅಕ್ಕ
ನಾನು ಕಾಸರಗೋಡಿನವಳು, ಎಣ್ಮಕಜೆ ಪಂಚಾಯತು. ಜಾಗೃತಿ ಅನ್ನುವ ಮಾತು ಕೇಳಿದರೇ ನನಗೆ ಸಿಟ್ಟು ಬರುತ್ತದೆ, ಯಾಕೆ ಹೇಳುತ್ತೇನೆ ಕೇಳಿ. ನಮ್ಮ ಗುಡ್ಡಗಳ ಗೇರು ತೋಟಕ್ಕೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್‌ನವರು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಜನರಿಗೆ ಸಿಕ್ಕ ತಿಳಿವಳಿಕೆ ಏನು ಗೊತ್ತಾ? "ಬಾವಿ ಮುಚ್ಚಿಕೊಳ್ಳಿ." ನಮ್ಮಲ್ಲಿ ಎಷ್ಟೋ ಮನೆಗೆ ಬಾವಿಯೇ ಇಲ್ಲ. ಗುಡ್ಡ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಹರಿಯುವ ನೀರನ್ನು ಯಾವ ಓಲೆಯಲ್ಲಿ ಮುಚ್ಚುವುದು? ಕರುಗಳ ಕಾಲು ಸೊಟ್ಟಗಾಗುತ್ತಿವೆ ಅಂತ ಪತ್ರಕರ್ತ ಶ್ರೀ ಪಡ್ರೆಯವರು 1979ರಲ್ಲೇ ಬರೆದಿದ್ದರು. ಆಮೇಲೆ ಡಾಕ್ಟರ್ ಮೋಹನ ಕುಮಾರ್ ತಮ್ಮ ರೋಗಿಗಳನ್ನು ನೋಡಿ ನೋಡಿ ಇದು ನೀರಿನದ್ದೇ ಇರಬೇಕು ಅಂದರು. ಸುಪ್ರೀಂ ಕೋರ್ಟು ಈ ವಿಷವನ್ನು ದೇಶಕ್ಕೆಲ್ಲ ನಿಲ್ಲಿಸಿದ್ದು 2011ರ ಮೇನಲ್ಲಿ. ಬೆಳ್ತಂಗಡಿಯ ಕೊಕ್ಕಡದವರನ್ನೂ ಕೇಳಿ, ಇದೇ ಕಥೆ ಹೇಳುತ್ತಾರೆ. ಸುರಿಯುವವನನ್ನು ಬಿಟ್ಟು ಕುಡಿಯುವವನಿಗೆ ಪಾಠ ಮಾಡುವುದು ಜಾಗೃತಿ ಅಲ್ಲ.

ಮೇಲಿನ ಗದ್ದೆ
ಅಕ್ಕಾ, ನಿಮ್ಮದು ಸರಿ. ಆದರೆ ಇಲ್ಲಿ ಹೆಲಿಕಾಪ್ಟರ್ ಇಲ್ಲ, ಸುರಿಯುವವನೂ ಅದೇ ನೀರು ಕುಡಿಯುವವನೇ. ನಾನು ಕಾರಟಗಿ ಹತ್ತಿರ 6 ಎಕರೆ ಗುತ್ತಿಗೆಗೆ ಮಾಡುತ್ತೇನೆ. ಮಾಲೀಕನಿಗೆ ಎಕರೆಗೆ ಇಷ್ಟು ಚೀಲ ಅಂತ ಮೊದಲೇ ಮಾತಾಗಿರುತ್ತದೆ, ಹುಳ ತಿಂದರೂ ಚೀಲ ಕೊಡಲೇಬೇಕು. ಭತ್ತದ ರಸ ಹೀರುವ ಜಿಗಿಹುಳು ಬಿದ್ದು ಗದ್ದೆ ನಡುವೆ ಗುಂಡಗೆ ಸುಟ್ಟ ಹಾಗೆ ಕಾಣಿಸಿದರೆ ರಾತ್ರಿ ನಿದ್ದೆ ಬರೋದಿಲ್ಲ. ಪಕ್ಕದವನು ಹೊಡೆದ ಅಂದರೆ ನಾನೂ ಹೊಡೆಯುತ್ತೇನೆ. ಇನ್ನು ಆ ಹುಡುಗನ ವಿಷಯ. ಎಣ್ಣೆ ಹೊಡೆಯುವವರಿಗೆ ಕೂಲಿ ಟ್ಯಾಂಕಿನ ಲೆಕ್ಕ. ಎಷ್ಟು ಟ್ಯಾಂಕ್ ಹೊಡೆದರೋ ಅಷ್ಟು ದುಡ್ಡು. ತೊಳೆಯೋದಕ್ಕೆ ಯಾರೂ ಕೊಡೋದಿಲ್ಲ. ಅವನು ತೂಬಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಕಾಲುವೆ ಕೊನೆಯವ
ಇದು ನನಗೆ ಹೊಳೆದಿರಲಿಲ್ಲ. ಸುಮ್ನೆ ಅವನಿಗೆ ಬಯ್ದು ಬಂದೆ.

ಕೆಮಿಸ್ಟ್ರಿ ಮೇಷ್ಟ್ರು
ಒಂದು ಲೆಕ್ಕ ಹೇಳುತ್ತೇನೆ, ಬೇಕಾದರೆ ಆ ಗೋಡೆ ಮೇಲೆ ಇದನ್ನು ಬರೆಸಿ. ಹಾಲಿನ ಬಣ್ಣ ಬಂತು ಅಂದರೆ ಅದು ನೀರಿನಲ್ಲಿ ಕರಗದೆ ಚದುರುವ ಎಣ್ಣೆಯ ಔಷಧಿ ಇರಬೇಕು, ಯಾವುದು ಅಂತ ಇಲ್ಲಿಂದ ಹೇಳೋಕಾಗಲ್ಲ. ಲೆಕ್ಕಕ್ಕೆ ಎಲ್ಲರಿಗೂ ಗೊತ್ತಿರುವ ಮೊನೊಕ್ರೊಟೊಫಾಸ್ ತಗೊಳ್ಳೋಣ. 36 ಪರ್ಸೆಂಟಿನ ಡಬ್ಬಿ ಬರುತ್ತಿತ್ತಲ್ಲ, ಅದು. ಲೀಟರ್ ನೀರಿಗೆ 2 ಮಿಲಿ ಬೆರೆಸಿದ್ದರೆ, ಪಂಪಿನ ತಳದಲ್ಲಿ ಉಳಿದ ಅರ್ಧ ಲೀಟರಿನಲ್ಲಿ 1 ಮಿಲಿ ಇರುತ್ತದೆ. ಅದರಲ್ಲಿ ವಿಷ ಸುಮಾರು 360 ಮಿಲಿಗ್ರಾಂ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಇದಕ್ಕೆ ಇರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಅಂದರೆ ಆ ಅರ್ಧ ಲೀಟರನ್ನು ಮಿತಿಯೊಳಗೆ ತರಬೇಕಾದರೆ ಸುಮಾರು 3.6 ಲಕ್ಷ ಲೀಟರ್ ನೀರು ಬೇಕು. 5,000 ಲೀಟರಿನ ಟ್ಯಾಂಕರ್ ಆದರೆ 72. ದಾರಿಯಲ್ಲಿ ಬಿಸಿಲಿಗೆ, ಮಣ್ಣಿಗೆ ಒಂದಷ್ಟು ಒಡೆದು ಹೋಗುತ್ತದೆ, ಎಲ್ಲವೂ ನಿಮ್ಮ ಕೆರೆಗೆ ಬರೋದಿಲ್ಲ, ಅದನ್ನೂ ಹೇಳಬೇಕು, ಸುಳ್ಳು ಹೆದರಿಸಬಾರದು. ಆದರೆ ಅದು ಒಂದು ಪಂಪು.

ಸಿಲ್ಕ್‌ಬೋರ್ಡ್ ಸಿಗ್ನಲ್
72 ಟ್ಯಾಂಕರಾ! ಮತ್ತೆ ಟೆಸ್ಟ್ ಮಾಡಿಸಿ ಸಾರ್, ಟಿಡಿಎಸ್ ಮೀಟರ್ ಆನ್‌ಲೈನಲ್ಲಿ ಕಡಿಮೆಗೆ ಸಿಗುತ್ತೆ.

ಕೆಮಿಸ್ಟ್ರಿ ಮೇಷ್ಟ್ರು
ಟಿಡಿಎಸ್ ಮೀಟರಿಗೆ ಇದು ಕಾಣೋದೇ ಇಲ್ಲ, ಅದು ಉಪ್ಪಿನಂಶ ಅಳೆಯುತ್ತದೆ. ಊರಿಗೆ ಕೊಡುವ ಕಿಟ್ಟಿನಲ್ಲೂ ಫ್ಲೋರೈಡ್, ನೈಟ್ರೇಟ್, ಗಡಸುತನ ಇಂಥವೇ ಇರುತ್ತವೆ. ಕೀಟನಾಶಕಕ್ಕೆ ದೊಡ್ಡ ಲ್ಯಾಬಿನ ಕ್ರೊಮ್ಯಾಟೋಗ್ರಫಿ ಮಷೀನೇ ಬೇಕು. ಕುದಿಸಿದರೂ ಹೋಗುತ್ತದೆ ಅಂತ ನಂಬಬೇಡಿ.

ಗೊಬ್ಬರದಂಗಡಿ
ನಾನೂ ಒಂದು ಸತ್ಯ ಹೇಳುತ್ತೇನೆ, ಬಯ್ಯಬೇಡಿ. ನಮ್ಮಲ್ಲಿ ಡಾಕ್ಟರ್, ಕಾಂಪೌಂಡರ್, ಬ್ಯಾಂಕು ಎಲ್ಲಾ ನಾವೇ. ರೈತ ಒಂದು ಗರಿ ಕಿತ್ತು ತಂದು ಕೌಂಟರ್ ಮೇಲೆ ಇಡುತ್ತಾನೆ, "ಇದಕ್ಕೇನಾದರೂ ಕೊಡು, ಉದ್ರಿ ಬರ್ಕೋ." ಉದ್ರಿ ಕೊಡುವವನು ಎರಡು ಡಬ್ಬಿ ಜಾಸ್ತಿ ಕೊಟ್ಟರೆ ಯಾರು ಕೇಳುತ್ತಾರೆ? ಡೀಲರುಗಳಿಗೆ ಅಂತಲೇ ಒಂದು ವರ್ಷದ 'ದೇಸಿ' (DAESI) ಅನ್ನೋ ಡಿಪ್ಲೊಮಾ ಇದೆ, ನಾನೂ ಮಾಡಿದ್ದೇನೆ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಸುರಿದು ಬೆಳೆಗೇ ಹೊಡೆಯಬೇಕು, ಡಬ್ಬಿಗೆ ತೂತು ಹಾಕಬೇಕು ಅನ್ನೋದೆಲ್ಲ ಅಲ್ಲಿ ಓದಿದ್ದೇ. ಸೀಜನ್ನಿನಲ್ಲಿ ಹೇಳೋಕೆ ಟೈಮಿಲ್ಲ. ಇನ್ನೊಂದು ತಮಾಷೆ. ಡಬ್ಬಿ ಮೇಲೆ ತ್ರಿಕೋನ ಇರುತ್ತಲ್ಲ, ಕೆಂಪು ಅಂದರೆ ಭಾರಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. "ಹಸಿರು ಕೊಡು, ಬೆಳೆ ಹಸಿರಾಗ್ತದೆ" ಅಂತ ಕೇಳಿದವರಿದ್ದಾರೆ.

ಕೆಮಿಸ್ಟ್ರಿ ಮೇಷ್ಟ್ರು
ಮತ್ತೆ ಆ ಬಣ್ಣ ಮೀನಿನ ಲೆಕ್ಕವೂ ಅಲ್ಲ. ಇಲಿಗೆ ತಿನ್ನಿಸಿ, ಚರ್ಮಕ್ಕೆ ಹಚ್ಚಿ ನೋಡಿ ಕೊಟ್ಟಿದ್ದು. ಸೈಪರ್‌ಮೆಥ್ರಿನ್ ಅನ್ನೋ ಕೀಟನಾಶಕ ಮನುಷ್ಯನಿಗೆ ಅಷ್ಟು ಘೋರ ಅಲ್ಲದೆ ಇರಬಹುದು, ಮೀನು ಮರಿ ಮಾತ್ರ ಉಳಿಯೋದಿಲ್ಲ.

ಮೇಲಿನ ಗದ್ದೆ
ಕಾಲುವೆಯಲ್ಲಿ ಮೊದಲು ಬುಟ್ಟಿ ಹಾಕಿದರೆ ಸಾರಿಗೆ ಆಗುವಷ್ಟು ಮೀನು ಬರುತ್ತಿತ್ತು. ಈಗ ಏಡಿ ಕಂಡರೇ ಹೆಚ್ಚು.

ಪೆರ್ಲದ ಅಕ್ಕ
ಮತ್ತೆ ಹೊಡೆಯುವುದೇ ಕಡಿಮೆ ಮಾಡಲು ದಾರಿ ಇಲ್ಲವಾ ಅಣ್ಣ? ತೊಳೆಯುವ ಮಾತು ಆಮೇಲೆ.

ಕೆಮಿಸ್ಟ್ರಿ ಮೇಷ್ಟ್ರು
ಇದೆ ಅಕ್ಕ. ಇಂಡೋನೇಷ್ಯಾದಲ್ಲಿ ಇದೇ ಜಿಗಿಹುಳುವಿಗೆ ಹೊಡೆದು ಹೊಡೆದು ಜೇಡಗಳೆಲ್ಲ ಸತ್ತು ಹುಳ ಇನ್ನೂ ಜಾಸ್ತಿಯಾಯಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಔಷಧಿ ನಿಲ್ಲಿಸಿತು, ಆಮೇಲೆ ಗದ್ದೆಯಲ್ಲೇ ಪಾಠಶಾಲೆ ಮಾಡಿತು. ರೈತರು ವಾರಕ್ಕೊಮ್ಮೆ ಬುಡ ಬಿಡಿಸಿ ಹುಳ ಎಷ್ಟು, ಜೇಡ ಎಷ್ಟು ಅಂತ ತಾವೇ ಎಣಿಸುತ್ತಿದ್ದರು. ಎಣಿಸಿದ ಮೇಲೆ ಹೊಡೆಯಬೇಕೋ ಬೇಡವೋ ಅಂತ ತೀರ್ಮಾನ. ನಿಲ್ಲಿಸೋದೂ ಆಯಿತು, ಕಲಿಸೋದೂ ಆಯಿತು.

ಮೇಲಿನ ಗದ್ದೆ
ಜೇಡ ಎಣಿಸಿದರೆ ಮಾಲೀಕ ಚೀಲ ಬಿಡ್ತಾನಾ? ಆದರೂ ಒಂದು ಮಡಿಯಲ್ಲಿ ನೋಡಬಹುದು. ನಾಟಿ ಮಾಡುವಾಗ ಸಾಲಿನ ನಡುವೆ ಗಾಳಿ ಆಡೋಕೆ ಜಾಗ ಬಿಟ್ಟ ವರ್ಷ ನನಗೂ ಒಂದು ಸಲ ಕಡಿಮೆ ಹೊಡೆಯೋದಾಯಿತು, ಅದು ನಿಜ.

ಕಾಲುವೆ ಕೊನೆಯವ
ಗೋಡೆ ಬರಹ ಅಳಿಸಿ 72 ಟ್ಯಾಂಕರಿನ ಲೆಕ್ಕ ಬರೆಸುತ್ತೇನೆ. ಜೊತೆಗೆ ಪ್ರತಿ ತೂಬಿನಿಂದ ದೂರದಲ್ಲಿ, ಗದ್ದೆ ಬದುವಿನ ಮೇಲೆ ಒಂದು ಡ್ರಮ್ ನೀರು ಇಟ್ಟರೆ? ಅಲ್ಲೇ ತೊಳೆದು, ಆ ನೀರನ್ನು ಹೊಡೆದ ಗದ್ದೆಗೇ ಹೊಡೆಯೋದು.

ಗೊಬ್ಬರದಂಗಡಿ
ಡ್ರಮ್ ನಾನು ಕೊಡಿಸುತ್ತೇನೆ, 200 ಲೀಟರಿನದು ನಾಲ್ಕು. ಅಂಗಡಿ ಹೆಸರು ಮಾತ್ರ ದೊಡ್ಡದಾಗಿ ಬರೆಸಬೇಕು.

ಪೆರ್ಲದ ಅಕ್ಕ
ವಿಷ ಮಾರುವವರ ಹೆಸರು ನೀರಿನ ಡ್ರಮ್ಮಿನ ಮೇಲೆ. ಆಗಲಿ, ಬರೆಸಿ. ಆದರೆ ಪಕ್ಕದಲ್ಲಿ ಕುಡಿಯಬೇಡಿ ಅಂತಲೂ ಇರಲಿ, ಬಾಯಾರಿದ ಮಕ್ಕಳು ಬಂದಾರು.

ಮೇಲಿನ ಗದ್ದೆ
ಎಲ್ಲಾ ಸರಿ, ಡ್ರಮ್ ತುಂಬಿಸೋರು ಯಾರು? ಆ ಹುಡುಗನೇ ತಾನೇ. ನಾವು ಗುತ್ತಿಗೆ ಮಾಡುವವರು ಎಂಟು ಹತ್ತು ಜನ ಇದ್ದೇವೆ. ತುಂಬಿಸಿ ತೊಳೆದರೆ ದಿನಕ್ಕೆ ಒಂದು ಟ್ಯಾಂಕಿನ ಕೂಲಿ ಜಾಸ್ತಿ ಅಂತ ಮಾಡೋಣ. ಭಾನುವಾರ ಸಂತೆಗೆ ಬರ್ತಾರೆ, ನಾನು ಮಾತಾಡ್ತೀನಿ. ಒಪ್ಪದಿದ್ದರೆ ಮತ್ತೆ ಇಲ್ಲೇ ಬಂದು ಹೇಳ್ತೀನಿ.