ಬೆಂಗಳೂರಿಗೆ ವಾಪಸ್ ಬರೋರು ಸಂಬಳಕ್ಕಿಂತ ಮೊದಲು ಸ್ಕೂಲ್ ನೋಡಿ

'ಇಬ್ಬರು ಮಕ್ಕಳಿದ್ದಾರೆ, ಬೆಂಗಳೂರಲ್ಲಿ ಆರಾಮಾಗಿರೋಕೆ ಎಷ್ಟು ಸಂಬಳ ಬೇಕು' ಅಂತ ಇಲ್ಲಿ ತುಂಬಾ ಜನ ಕೇಳ್ತಾ ಇದ್ದೀರಿ. ನನ್ನ ಪ್ರಕಾರ ಮೊದಲು ಸ್ಕೂಲ್ ಯಾವುದು ಅಂತ ತೀರ್ಮಾನ ಮಾಡಿ. ಮನೆ ಯಾವ ಏರಿಯಾ, ಬಾಡಿಗೆ ಎಷ್ಟು, ಆಫೀಸಿಗೆ ಎಷ್ಟು ಹೊತ್ತು ಅನ್ನೋದೆಲ್ಲ ಅದರ ಹಿಂದೆಯೇ ಬರುತ್ತದೆ. ದಿನಸಿ, ಹಾಲು, ತರಕಾರಿಯಿಂದ ಯಾರ ಲೆಕ್ಕವೂ ತಪ್ಪುವುದಿಲ್ಲ.

ನಾವು ಬನಶಂಕರಿ ಕಡೆ ಇದ್ದೇವೆ. ಮೂರು ಬೆಡ್‌ರೂಮಿನ ಮನೆಗೆ ಬಾಡಿಗೆ 50 ಸಾವಿರ. ಮೇಂಟೆನೆನ್ಸ್, ಕರೆಂಟು, ನೀರು ಸೇರಿ 12 ಸಾವಿರ. ಇಬ್ಬರ ಸ್ಕೂಲ್ ಫೀಸು, ಬಸ್ಸು ತಿಂಗಳಿಗೆ ಹಂಚಿದರೆ 40 ಸಾವಿರ. ಇಂಟರ್‌ನ್ಯಾಷನಲ್ ಸ್ಕೂಲೇ ಬೇಕು ಅಂದರೆ ಇದು ಮೂರು ನಾಲ್ಕು ಪಟ್ಟಾಗುತ್ತದೆ. ಮನೆಕೆಲಸದವರು, ಅಡುಗೆಯವರು, ದಿನಸಿ, ಓಡಾಟ, ಅಪ್ಪ ಅಮ್ಮನ ಔಷಧಿ, ಅವರ ಇನ್ಶೂರೆನ್ಸ್, ಹಬ್ಬ, ಊರು ಎಲ್ಲ ಸೇರಿ 75–80 ಸಾವಿರ. ಅಲ್ಲಿಗೆ 1.8 ಲಕ್ಷ. ಉಳಿತಾಯಕ್ಕೆ 50–60 ಸಾವಿರ ಇಡಬೇಕು ಅಲ್ವಾ? ಹಾಗಾಗಿ ಕೈಗೆ 2.3–2.4 ಲಕ್ಷ ಬರಬೇಕು. ಟ್ಯಾಕ್ಸ್, ಪಿಎಫ್ ಕಳೆದು ಅಷ್ಟು ಉಳಿಯಬೇಕಾದರೆ ಸಿಟಿಸಿ (ಕಂಪನಿ ಹೇಳುವ ವರ್ಷದ ಒಟ್ಟು ಸಂಬಳ) ಸುಮಾರು 40 ಲಕ್ಷ ಇರಬೇಕು. ಸ್ವಂತ ಮನೆ ಇದ್ದರೆ 30 ಲಕ್ಷದಲ್ಲೇ ಇದೇ ಜೀವನ ನಡೆಯುತ್ತದೆ.

ಬಾಡಿಗೆ ಜೊತೆ ಅಡ್ವಾನ್ಸೂ ನೆನಪಿರಲಿ. ಹತ್ತು ತಿಂಗಳಿನದ್ದು ಕೇಳುವ ಓನರ್‌ಗಳು ಇನ್ನೂ ಇದ್ದಾರೆ, ಮಾತಾಡಿದರೆ ಐದಾರಕ್ಕೆ ಇಳಿಯುತ್ತಾರೆ.

ನೀರಿನ ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ರೇಟು ಏರಿ, ಕೊನೆಗೆ ಜಿಲ್ಲಾಡಳಿತವೇ 5 ಕಿ.ಮೀ. ಒಳಗೆ 12,000 ಲೀಟರ್‌ಗೆ 1,000 ರೂಪಾಯಿ ಅಂತ ದರ ನಿಗದಿ ಮಾಡಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಹೊರವಲಯದ 110 ಹಳ್ಳಿಗಳಿಗೆ. ಆದರೂ ಪ್ರತಿ ಅಪಾರ್ಟ್‌ಮೆಂಟ್ ಕನೆಕ್ಷನ್ ತಗೊಂಡಿರುತ್ತದೆ ಅಂತೇನಿಲ್ಲ. ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಕಳೆದ ಏಪ್ರಿಲ್‌ನ ಮೇಂಟೆನೆನ್ಸ್ ಬಿಲ್ ತೋರಿಸಿ ಅಂತ ಕೇಳಿ. ಟ್ಯಾಂಕರ್‌ಗೆ ಎಷ್ಟು ಸುರಿದಿದ್ದಾರೆ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.

ಮಕ್ಕಳ ಕನ್ನಡಕ್ಕೂ ಸ್ವಲ್ಪ ದುಡ್ಡು ಎತ್ತಿಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಸ್ಕೂಲ್‌ಗಳಲ್ಲೂ ಕನ್ನಡ ಕಲಿಸಬೇಕು. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಕ್ಕಳೂ ಆರು, ಏಳನೇ ಕ್ಲಾಸಿಗೆ ನೇರ ಬಂದರೆ ಒತ್ತಕ್ಷರದಲ್ಲಿ ಒದ್ದಾಡುತ್ತಾರೆ. ವಾಪಸ್ ಬರೋ ಮುಂಚೆ, ಈಗ ಇರೋ ಕಡೆಯಲ್ಲೇ ಕನ್ನಡ ಓದೋದು, ಬರೆಯೋದು ಶುರು ಮಾಡಿಸಿ. ಟ್ಯೂಷನ್ ಖರ್ಚು ಉಳಿಯೋದಕ್ಕಿಂತ ಹೆಚ್ಚಾಗಿ, ಮಗುವಿನ ಸಂಕಟ ತಪ್ಪುತ್ತದೆ.

ಮಕ್ಕಳು ಯಾವ ಕ್ಲಾಸು, ಅಪ್ಪ ಅಮ್ಮ ಯಾವ ಏರಿಯಾದಲ್ಲಿದ್ದಾರೆ ಅಂತ ಬರೆಯಿರಿ, ನಿಮ್ಮ ಲೆಕ್ಕ ಒಟ್ಟಿಗೆ ಹಾಕೋಣ.