ಬಿಸ್ಕತ್ತಿನ ಡಬ್ಬಿಯಲ್ಲಿ 17 ಪಿಂಗಾಣಿ ಪ್ರಾಣಿಗಳು: ಇವು ಏನಿರಬಹುದು?

ಮಾಟುಂಗಾದಿಂದ: ದೊಡ್ಡಮ್ಮನ ಮನೆಯ ಲಾಫ್ಟ್ ಖಾಲಿ ಮಾಡುವಾಗ ಸಿಕ್ಕವು. ಗೂಬೆ, ಮೊಲ, ನೀರಾನೆ, ಹೀಗೆ 17. ಹೊಳೆಯುವ ಕಂದು ಬಣ್ಣ, ಹೆಬ್ಬೆರಳಿಗಿಂತ ಚಿಕ್ಕವು. ದಸರಾ ಗೊಂಬೆ ಸಾಲಿನವೋ, ಯಾವುದೋ ಆಟದ ಕಾಯಿಗಳೋ ತಿಳಿಯುತ್ತಿಲ್ಲ. ಗೊತ್ತಿದ್ದವರು ಹೇಳಿ.

ಮುಲುಂಡ್‌ನಿಂದ: ಮೊದಲು ಒಂದನ್ನು ಮಗುಚಿ ನೋಡಿ. ತಳದ ಅಂಚಿನಲ್ಲಿ ‘ವೇಡ್ ಇಂಗ್ಲೆಂಡ್’ ಅಂತ ಸಣ್ಣ ಉಬ್ಬಕ್ಷರ, ಅಡಿಯಲ್ಲಿ ಸಾಲು ಸಾಲು ಗೆರೆ ಇದ್ದರೆ ಅವು ವಿಮ್ಸಿಗಳು, ಅಂದರೆ ವೇಡ್ ಕಂಪನಿಯ ಪುಟ್ಟ ಪಿಂಗಾಣಿ ಗೊಂಬೆಗಳು. ನಮ್ಮ ಮನೆಯಲ್ಲೂ ಇದ್ದವು. ಟೊರಾಂಟೊದ ಅತ್ತೆ ಬಂದಾಗಲೆಲ್ಲ ನಮಗೆ ಒಂದೊಂದು ತರುತ್ತಿದ್ದರು, ಅಲ್ಲಿ ರೆಡ್ ರೋಸ್ ಅನ್ನುವ ಚಹಾದ ಪೊಟ್ಟಣದಲ್ಲಿ ಪುಕ್ಕಟೆ ಬರುತ್ತಿದ್ದವು. ಕೆನಡಾದಲ್ಲಿ 1967ರಲ್ಲಿ ಶುರುವಾಯಿತು, ಅಮೆರಿಕದಲ್ಲಿ 1983ರಲ್ಲಿ. ಫೋರ್ಟ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ, ‘ಚಹಾ ಚೆನ್ನಾಗಿದ್ರೆ ಆನೆ ಯಾಕೆ?’ ಅನ್ನುತ್ತಿದ್ದರು. ಮಾಡಿದ್ದು ಇಂಗ್ಲೆಂಡಿನ ಬರ್ಸ್ಲೆಮ್‌ನ ವೇಡ್ ಕಾರ್ಖಾನೆ. ಬಟ್ಟೆ ಗಿರಣಿಯ ಯಂತ್ರಗಳಿಗೆ ಪಿಂಗಾಣಿ ಬಿಡಿಭಾಗ ಮಾಡುತ್ತಿದ್ದವರು, 1950ರ ದಶಕದಲ್ಲಿ ಮಕ್ಕಳು ಕೊಂಡು ಕೂಡಿಡಲಿ ಅಂತ ಅಚ್ಚಿನಲ್ಲಿ ಪ್ರಾಣಿಗಳನ್ನು ಒತ್ತತೊಡಗಿದರು. ಆಗಿನವು ಐದೈದರ ಪೆಟ್ಟಿಗೆಯಲ್ಲಿ, ಬಣ್ಣಬಣ್ಣದವು. ಚಹಾದವು ಹೆಚ್ಚಾಗಿ ಒಂದೇ ಬಣ್ಣ. ನಿಮ್ಮವು ಕಂದು ಅಂದಿರಲ್ಲ, ಅದಕ್ಕೇ ನನಗೆ ಚಹಾದ ಅನುಮಾನ. ದೊಡ್ಡಮ್ಮನಿಗೆ ಕೆನಡಾ, ಅಮೆರಿಕದ ಕಡೆ ಯಾರಾದರೂ ನೆಂಟರಿದ್ದರಾ?

ಪುಣೆಯಿಂದ: ನಮ್ಮದು ಧಾರವಾಡದ ಕಡೆ. ಪ್ರಾಣಿ ಅಂದ ಕೂಡಲೇ ಮಣ್ಣೆತ್ತಿನ ಅಮಾವಾಸ್ಯೆ ನೆನಪಾಯಿತು. ಇಲ್ಲೂ ಶ್ರಾವಣದ ಅಮಾವಾಸ್ಯೆಗೆ ಪೋಳಾ ಅಂತ ಮಣ್ಣಿನ ಎತ್ತು ಪೂಜೆ ಮಾಡುತ್ತಾರೆ. ಆದರೆ ನಮ್ಮ ಮಣ್ಣೆತ್ತು ಹಸಿ ಮಣ್ಣಿನದು, ಪೂಜೆ ಆದಮೇಲೆ ನೀರಿಗೆ ಬಿಡುವುದು, ಡಬ್ಬಿಯಲ್ಲಿ ಅಷ್ಟು ವರ್ಷ ಉಳಿಯಲ್ಲ. ನೀರಾನೆಗೆ ಪೂಜೆ ಮಾಡಿದ್ದನ್ನಂತೂ ನಾನು ಕಂಡಿಲ್ಲ!

ಅಂಧೇರಿಯಿಂದ: ಚೋರ್ ಬಜಾರ್‌ಗೆ ಮಾತ್ರ ಒಯ್ಯಬೇಡಿ. ಅಲ್ಲೊಬ್ಬ ಇಂಥದ್ದೇ ಕುದುರೆಯನ್ನು ‘ರಾಣಿ ಕಾಲದ್ದು’ ಅಂತ ನನಗೆ 1,800 ರೂಪಾಯಿಗೆ ಹಚ್ಚಿದ. ಮನೆಗೆ ಬಂದು ತಳ ನೋಡಿದರೆ ಅದೇ ಹೆಸರು, ಅದೇ ಗೆರೆ. ಇವನ್ನು ರಾಶಿ ರಾಶಿ ಮಾಡಿದ್ದಾರೆ, ಚಹಾದವಕ್ಕೆ ಅಂಥ ಬೆಲೆ ಇಲ್ಲ. ಈಗ ಕುದುರೆ ಟೀವಿ ಮೇಲಿದೆ, ಹೆಂಡತಿ ದಿನಾ ಅದರ ರೇಟು ಕೇಳುತ್ತಾಳೆ.

ಮಾಟುಂಗಾದಿಂದ: ನೋಡಿದೆ. 16ರಲ್ಲಿ ‘ವೇಡ್ ಇಂಗ್ಲೆಂಡ್’ ಇದೆ. ದೊಡ್ಡಮ್ಮನ ತಮ್ಮ ಮಾಂಟ್ರಿಯಲ್‌ನಲ್ಲಿದ್ದರು, ಮರೆತೇ ಹೋಗಿತ್ತು. ಉಳಿದದ್ದು ಒಂದು ಹಂದಿ, ತಳ ನುಣುಪು, ಅಕ್ಷರ ಇಲ್ಲ, ಬಾಲದ ಹತ್ತಿರ ಸಣ್ಣ ತೂತು. ಇದು ಯಾರ ಮನೆಯದು?