ಬೇಚರಾಕ್, ಹಾಳೂರು, ಗುಳೆ: ಚದುರಿದ ಊರು ಮತ್ತೆ ಕೂಡಿದ್ದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಬರ, ಪ್ಲೇಗು, ನೆರೆಯಂಥ ದೊಡ್ಡ ಅನಾಹುತ ಆದಮೇಲೆ ಜನ ಹೇಗೆ ಚದುರುತ್ತಾರೆ, ಹೇಗೆ ಉಳಿದುಕೊಳ್ಳುತ್ತಾರೆ ಅನ್ನೋದರ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ‘ಸಮಾಜದ ಕುಸಿತ’ ಅಂತ ಬರೆಯೋದು ರೂಢಿ. ನನಗೆ ಅದು ಒಗ್ಗುತ್ತಿಲ್ಲ. ಗೋಡೆ ಕುಸಿಯುತ್ತೆ, ಒಂದೇ ಸಲಕ್ಕೆ. ಊರು ಹಾಗಲ್ಲ, ಹಂತಹಂತವಾಗಿ ಬಿಟ್ಟುಕೊಳ್ಳುತ್ತೆ. ಆ ಹಂತಗಳಿಗೆ ನಮ್ಮ ಕಡೆ ಬೇರೆಬೇರೆ ಮಾತುಗಳೇ ಇವೆ.

1876–78ರ ಧಾತು-ಈಶ್ವರ ಬರವನ್ನೇ ನೋಡಿ. ಸಂವತ್ಸರದ ಹೆಸರೇ ಬರದ ಹೆಸರಾಯಿತು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ ಸುಮಾರು 50 ಲಕ್ಷ ಜನ ಇದ್ದರು, 1881ಕ್ಕೆ 42 ಲಕ್ಷದ ಹತ್ತಿರ ಇಳಿದಿದ್ದರು. ಇಂಥ ಬರದಲ್ಲಿ ಮೊದಲು ಖಾಲಿಯಾಗೋದು ಹಗೇವು. ನೆಲದೊಳಗೆ ತೋಡಿ, ಸುತ್ತ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಗುಂಡಿ ಅದು. ರಾಗಿ ಅದರಲ್ಲಿ ವರ್ಷಗಟ್ಟಲೆ ಕೆಡೋದಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯೋದಿಲ್ಲ. ಕೆಟ್ಟ ಗಾಳಿ ಹೋಗಲಿ ಅಂತ ಬಿಟ್ಟು, ಆಮೇಲೆ ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಇನ್ನೂ ಕಾಯಬೇಕು. ಹಗೇವು ಬರಿದಾದರೆ ದನ, ಪಾತ್ರೆಪಗಡ ಮಾರೋದು. ಅದೂ ಮುಗಿದರೆ ಗುಳೆ, ಅಂದರೆ ಕೂಲಿ ಹುಡುಕಿಕೊಂಡು ಊರು ಬಿಡೋದು.

ಗುಳೆ ಹೋದವರು ವಾಪಸ್ ಬರೋರು ಅಂತಲೇ ನನ್ನ ತಿಳಿವಳಿಕೆ. ಬಾಗಿಲಿಗೆ ಬೀಗ ಇರುತ್ತೆ, ಇಲ್ಲವೇ ವಯಸ್ಸಾದವರು ಮನೆ ಕಾಯುತ್ತಿರುತ್ತಾರೆ. ಮಳೆ ಬಿದ್ದ ಸುದ್ದಿ ಬಂದರೆ ಬಿತ್ತೋಕೆ ಬಂದುಬಿಡುತ್ತಾರೆ. ‘ದೇಶಾಂತರ ಹೋದ’ ಅಂದರೆ ಆ ಮಾತೇ ಬೇರೆ, ಮನೆಯವರು ಆಸೆ ಬಿಟ್ಟಂತೆ. ಹಾಗಾದರೆ ನೆರೆಗೆ ಮನೆ ಕಳಕೊಂಡು ಬೇರೆ ಊರಿಗೆ ಹೋದವರನ್ನು ‘ಗುಳೆ ಹೋದರು’ ಅನ್ನಬಹುದಾ? ಜಗಳೂರು, ಮೊಳಕಾಲ್ಮೂರು ಕಡೆಯವರು ಇದ್ದರೆ ದಯವಿಟ್ಟು ಹೇಳಿ. ನನ್ನ ಕಿವಿಗೆ ಗುಳೆ ಅಂದರೆ ಬರವೇ.

ಇನ್ನೊಂದು, ಬೇಚರಾಕ್. ಕೆಲವರು ಬೇಚಿರಾಕ್ ಅಂತಲೂ ಬರೆಯುತ್ತಾರೆ. ಫಾರಸಿಯಲ್ಲಿ ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ದೀಪ ಹಚ್ಚೋರಿಲ್ಲದ ಊರು. ಒಂದು ಮನೆಯೂ ಇಲ್ಲ, ಆದರೆ ಊರಿಗೆ ಗಡಿ ಇದೆ, ಸರ್ವೆ ನಂಬರುಗಳಿವೆ. ಪಹಣಿ ತೆಗೆಸಿದರೆ ಇವತ್ತಿಗೂ ಆ ಊರಿನ ಹೆಸರೇ ಬರುತ್ತೆ. ಎಷ್ಟೋ ಕಡೆ ಹನುಮಪ್ಪನ ಗುಡಿಯೊಂದು ಉಳಿದಿರುತ್ತೆ, ಪಕ್ಕದ ಊರಿನವರು ಎಡೆ ಒಯ್ದು ಪೂಜೆ ಮಾಡಿ ಬರುತ್ತಾರೆ. ಬರವೊಂದೇ ಕಾರಣ ಅಂತಲ್ಲ. ಪ್ಲೇಗಿಗೆ ಬಿಟ್ಟ ಊರಿವೆ, ಕಾಲರಾಕ್ಕೆ ಬಿಟ್ಟದ್ದಿವೆ, ದಾಳಿಗೆ ಹೆದರಿ ಬಿಟ್ಟದ್ದೂ ಇವೆ. ಜನರ ಬಾಯಲ್ಲಿ ಮಾತ್ರ ಇವೆಲ್ಲ ಹಾಳೂರು. ಕಾಗದದಲ್ಲಿ ಹೆಸರು ಉಳಿದಿದ್ದರೆ ಬೇಚರಾಕ್, ಹೆಸರೂ ಅಳಿಸಿಹೋಗಿದ್ದರೆ ಹಾಳೂರು ಅಂತ ಬಳಸಬಹುದಾ? ಅಥವಾ ಇದು ನಾನೇ ಎಳೆಯುತ್ತಿರುವ ಗೆರೆಯಾ?

ಇಷ್ಟೆಲ್ಲ ಬಿಟ್ಟುಹೋಗುವ ಮಾತಾಯಿತು. ನನಗೆ ಜಾಸ್ತಿ ಬೇಕಾಗಿರೋದು ಬಂದು ಸೇರುವ ಮಾತು. ‘ಪುನರ್ವಸತಿ’ ಅಂದರೆ ಯಾರೋ ಮಾಡಿಕೊಡುವಂಥದ್ದು. ಜನ ತಾವಾಗಿಯೇ ಬಂದು, ಬಾವಿಯ ಹೂಳು ತೆಗೆದು, ಬೀಜ ಕಡ ತಂದು, ಎತ್ತಿಲ್ಲದವನ ಹೊಲವನ್ನು ಮುಯ್ಯಾಳಿನ ಮೇಲೆ (ಕೆಲಸಕ್ಕೆ ಕೆಲಸ ತೀರಿಸುವ ಲೆಕ್ಕದಲ್ಲಿ) ಉತ್ತು ಊರನ್ನು ಎಬ್ಬಿಸುತ್ತಾರಲ್ಲ, ಅದಕ್ಕೇನು ಹೇಳೋಣ? ಬರದಲ್ಲಿ ಬದುಕುಳಿದವರ ಕಥೆಯ ಮುಖ್ಯ ಭಾಗ ಅದೇ. ಅದಕ್ಕೇ ಪದ ಇಲ್ಲದಿದ್ದರೆ ಹೇಗೆ?

‘ಒಕ್ಕಲಾಗು’ ಸರಿಹೊಂದುತ್ತೆ ಅನ್ನಿಸುತ್ತಿದೆ. ‘ಒಕ್ಕಲೆಬ್ಬಿಸು’ ಎಲ್ಲರಿಗೂ ಗೊತ್ತು. ಹೊಸ ಮನೆಗೆ ಒಕ್ಕಲಾಗೋದು ಅಂತಲೂ ಅಂತಾರೆ. ಇಡೀ ಊರಿಗೆ ಈ ಮಾತು ಹತ್ತುತ್ತಾ? ‘ಬೇಚರಾಕ್ ಆಗಿದ್ದ ಊರು ಮತ್ತೆ ಒಕ್ಕಲಾಯಿತು’ ಅಂತ ಬರೆದರೆ ನಿಮ್ಮ ಕಿವಿಗೆ ಸರಿ ಕೇಳುತ್ತಾ, ಇಲ್ಲಾ ‘ಜನ ಒಕ್ಕಲಾದರು’ ಅಂತಲೇ ಬರೆಯಬೇಕಾ? ನಿಮ್ಮ ಮನೆಯ ಹಿರಿಯರು ಬೇರೆ ಮಾತು ಬಳಸುತ್ತಿದ್ದರೆ, ಯಾವ ತಾಲ್ಲೂಕು ಅನ್ನೋದನ್ನೂ ಸೇರಿಸಿ ಬರೆಯಿರಿ.